ನಾರುವ ಹೂವಿನ ಮರ

ಮಳೆಗಾಲದಲ್ಲಿ ಪಶ್ಚಿಮಘಟ್ಟದ ಈ ಮರವನ್ನು ಕಣ್ಣಿಗಿಂತ ಮೊದಲು ಮೂಗು ಗುರುತಿಸುತ್ತದೆ. ಒದ್ದೆ ತರಗೆಲೆಯ ಘಮದ ನಡುವೆ ಕೊಳೆತ ನಾತವೊಂದು ತೇಲಿಬಂತೆಂದರೆ ಹತ್ತಿರದಲ್ಲೆಲ್ಲೋ ದುರ್ವಾಸನೆ ಮರ ಹೂಬಿಟ್ಟಿದೆ ಎಂದರ್ಥ. ಭಾರಿ ಮರವೇನಲ್ಲ. ಟೊಂಗೆಯ ತುದಿಯಲ್ಲಿ ಗುಂಪುಗೂಡಿದ ಅಗಲ ಎಲೆಗಳು, ಅವುಗಳ ಮೇಲೆ ಕೆನೆಹಳದಿಯ ಪುಟ್ಟ ಹೂಗಳ ಗೊಂಚಲು. ಎಲೆ ಉದುರಿದ ಕಡೆಯೆಲ್ಲ ಟೊಂಗೆಯ ಮೇಲೆ ಉಬ್ಬಿದ ಗುರುತು. ಈ ಹೂವನ್ನು ಯಾರೂ ಮುಡಿಯುವುದಿಲ್ಲ, ದೇವರಿಗೂ ಏರಿಸುವುದಿಲ್ಲ.

ಇದರ ತೊಗಟೆ, ಬೇರುಗಳಲ್ಲಿ ಕ್ಯಾಂಪ್ಟೊಥೆಸಿನ್ ಎಂಬ ರಾಸಾಯನಿಕ ಇದೆ. ಅಮೆರಿಕದ ವಿಜ್ಞಾನಿ ಮನ್ರೋ ವಾಲ್ ಮತ್ತು ಮಹಾರಾಷ್ಟ್ರದ ನಂದೂರ್‌ಬಾರ್‌ನಲ್ಲಿ ಹುಟ್ಟಿದ ಮನ್‌ಸುಖ್ ವಾಣಿ 1966ರಲ್ಲಿ ಚೀನಾ ಮೂಲದ ಮರವೊಂದರಿಂದ ಇದನ್ನು ಬೇರ್ಪಡಿಸಿದರು. ನಮ್ಮ ಮರದಲ್ಲೂ ಅದು ಇದೆಯೆಂದು 1972ರಲ್ಲಿ ವಿಜ್ಞಾನಿಗಳಾದ ಗೋವಿಂದಾಚಾರಿ ಮತ್ತು ವಿಶ್ವನಾಥನ್ ತೋರಿಸಿಕೊಟ್ಟರು.

ಅದರ ಕೆಲಸ ಅದ್ಭುತ. ಜೀವಕೋಶ ಇಬ್ಭಾಗವಾಗುವ ಮುನ್ನ ಹಗ್ಗದಂತೆ ಹುರಿಗೊಂಡ ಡಿಎನ್‌ಎ ಬಿಚ್ಚಿಕೊಳ್ಳಬೇಕು. ಬಿಗಿ ಸಡಿಲಿಸಲು ಟೋಪೊಐಸೊಮರೇಸ್ ಎಂಬ ಕಿಣ್ವ ಒಂದು ಎಳೆಯನ್ನು ಕತ್ತರಿಸಿ, ತಿರುಗಲು ಬಿಟ್ಟು, ಮತ್ತೆ ಬೆಸೆಯುತ್ತದೆ. ಕ್ಯಾಂಪ್ಟೊಥೆಸಿನ್ ಆ ಕತ್ತರಿಸಿದ ಜಾಗದಲ್ಲೇ ಹೋಗಿ ಕೂರುತ್ತದೆ. ಬೆಸುಗೆ ಆಗುವುದಿಲ್ಲ, ಕೋಶ ಸಾಯುತ್ತದೆ. ಬಿಡುವಿಲ್ಲದೆ ಇಬ್ಭಾಗವಾಗುವ ಕ್ಯಾನ್ಸರ್ ಕೋಶಗಳಿಗೆ ಈ ಪೆಟ್ಟು ಜೋರು. ಹಾಗಾದರೆ ಆ ವಿಷ ಮರವನ್ನೇ ಏಕೆ ಕೊಲ್ಲುವುದಿಲ್ಲ? ಚೀನಾದ ಮರ ತನ್ನ ಕಿಣ್ವವನ್ನೇ ತುಸು ಮಾರ್ಪಡಿಸಿಕೊಂಡು ಬದುಕಿದೆ! ಓಡಲಾರದ ಜೀವಕ್ಕೆ ಇಂಥ ರಸಾಯನವೇ ಆಯುಧ.

ಕಡಲಲ್ಲೂ ಇದೇ ಕಥೆ. ಜಪಾನಿನ ಕರಾವಳಿಯಲ್ಲಿ ಬಂಡೆಗೆ ಅಂಟಿ ಬೆಳೆಯುವ ಕರಿ ಸ್ಪಂಜೊಂದಿದೆ. 1980ರ ದಶಕದಲ್ಲಿ ವಿಜ್ಞಾನಿಗಳಾದ ಹಿರಾತಾ ಮತ್ತು ಉಎಮುರಾ ಅಂಥ 600 ಕಿಲೊ ಸ್ಪಂಜನ್ನು ಸಂಸ್ಕರಿಸಿದಾಗ ಕೈಗೆ ಬಂದ, ಕ್ಯಾನ್ಸರ್ ಕೋಶಗಳನ್ನು ಕೊಲ್ಲುವ ಹ್ಯಾಲಿಕೊಂಡ್ರಿನ್ ಬಿ ಬರೀ 12.5 ಮಿಲಿಗ್ರಾಂ. ಇಡೀ ಕರಾವಳಿಯನ್ನು ಬರಿದು ಮಾಡಿದರೂ ರೋಗಿಗಳಿಗೆ ಸಾಲುತ್ತಿರಲಿಲ್ಲ. 1992ರಲ್ಲಿ ಹಾರ್ವರ್ಡ್‌ನ ಯೋಶಿತೊ ಕಿಶಿ ಆ ಅಣುವನ್ನು ಪ್ರಯೋಗಾಲಯದಲ್ಲೇ ಕಟ್ಟಿದರು. ಅದರ ಒಂದು ಭಾಗವೇ ಸಾಕೆಂದು ಗೊತ್ತಾಯಿತು. ಹೀಗೆ ಹುಟ್ಟಿದ ಎರಿಬುಲಿನ್‌ಗೆ 2010ರಲ್ಲಿ ಸ್ತನ ಕ್ಯಾನ್ಸರ್ ಚಿಕಿತ್ಸೆಗೆ ಅಮೆರಿಕ ಒಪ್ಪಿಗೆ ಕೊಟ್ಟಿತು. ಸ್ಪಂಜು ತನ್ನ ಬಂಡೆಯ ಮೇಲೆ ಉಳಿಯಿತು.

ದುರ್ವಾಸನೆ ಮರಕ್ಕೆ ಆ ಭಾಗ್ಯವಿಲ್ಲ. ಕರುಳಿನ ಕ್ಯಾನ್ಸರ್‌ಗೆ ಕೊಡುವ ಇರಿನೊಟೆಕಾನ್, ಅಂಡಾಶಯದ ಕ್ಯಾನ್ಸರ್‌ಗೆ ಕೊಡುವ ಟೋಪೊಟೆಕಾನ್ ಔಷಧಿಗಳನ್ನು ಹೆಚ್ಚಾಗಿ ಗಿಡಮರಗಳಿಂದ ತೆಗೆದ ಕ್ಯಾಂಪ್ಟೊಥೆಸಿನ್‌ನಿಂದಲೇ ತಯಾರಿಸುತ್ತಾರೆ. ಅದಕ್ಕಾಗಿ ಘಟ್ಟದಲ್ಲಿ ಮರಗಳು ಉರುಳಿವೆ. ಬೇರಿನಲ್ಲೂ ಸರಕಿರುವುದರಿಂದ ಬುಡಕ್ಕೂ ಕುತ್ತು. ಒಬ್ಬರ ಪ್ರಾಣ ಉಳಿಸುವ ಔಷಧಿಗಾಗಿ ಕಾಡಿನ ಸಂತತಿಯನ್ನೇ ಅಳಿಸುವುದು ನನಗಂತೂ ಸಂಕಟದ ಮಾತು. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ವಿಜ್ಞಾನಿಗಳು ಘಟ್ಟದ ಉದ್ದಕ್ಕೂ ಮರಗಳನ್ನು ಪರೀಕ್ಷಿಸಿ, ಕೆಲವು ಮರಗಳಲ್ಲಿ ಕ್ಯಾಂಪ್ಟೊಥೆಸಿನ್ ಉಳಿದವುಗಳಿಗಿಂತ ಬಹಳ ಹೆಚ್ಚಿರುವುದನ್ನು ಗುರುತಿಸಿದ್ದಾರೆ. ಅಂಥ ಮರಗಳಿಂದ ಸಸಿ ಎಬ್ಬಿಸಿ ತೋಟಗಳಲ್ಲಿ ಬೆಳೆದರೆ ಕಾಡಿನ ಮರದ ಮೇಲಿನ ಒತ್ತಡ ಕಡಿಮೆಯಾದೀತು.