ಬೆಳಕೇ ತಕ್ಕಡಿಯಾದಾಗ

ಬೆಳಕು ವಸ್ತುಗಳನ್ನು ತೋರಿಸುತ್ತದೆ ಎಂಬುದು ನಮ್ಮ ನಿತ್ಯದ ಅನುಭವ. ಅದು ವಸ್ತುವಿನ ಒಡಲನ್ನೇ ಸೀಳಬಲ್ಲುದು, ಸೀಳಿದ ಚೂರುಗಳ ತೂಕವನ್ನೂ ತಿಳಿಸಬಲ್ಲುದು ಎಂಬುದು ಅಷ್ಟು ಪರಿಚಿತವಾದ ಸಂಗತಿಯಲ್ಲ. 1934ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ, ಕ್ಯಾವೆಂಡಿಶ್ ಪ್ರಯೋಗಶಾಲೆಯಲ್ಲಿ ನಡೆದ ಒಂದು ಪ್ರಯೋಗ ಇದಕ್ಕೆ ನಿದರ್ಶನ.

ಅದೇ ಪ್ರಯೋಗಶಾಲೆಯಲ್ಲಿ ಜೇಮ್ಸ್ ಚಾಡ್‌ವಿಕ್ಕರು 1932ರಲ್ಲಿ ನ್ಯೂಟ್ರಾನನ್ನು ಕಂಡುಹಿಡಿದಿದ್ದರು. ಅದು ವಿದ್ಯುದಂಶವಿಲ್ಲದ ಕಣ. ಅದು ಪ್ರತ್ಯೇಕವಾದ ಒಂದು ಕಣವೋ, ಅಥವಾ ಪ್ರೋಟಾನು ಎಲೆಕ್ಟ್ರಾನುಗಳು ಬಿಗಿಯಾಗಿ ಬೆಸೆದುಕೊಂಡ ಜೋಡಿಯೋ ಎಂಬ ಸಂದೇಹ ಮಾತ್ರ ಉಳಿದಿತ್ತು. ಸಂದೇಹ ಪರಿಹಾರವಾಗಬೇಕಾದರೆ ಅದರ ತೂಕ ನಿಖರವಾಗಿ ತಿಳಿಯಬೇಕು. ಕಣಗಳು ಬೆಸೆದುಕೊಂಡಾಗ ಒಂದಿಷ್ಟು ಶಕ್ತಿ ಹೊರಬೀಳುತ್ತದೆ. ಐನ್‌ಸ್ಟೈನರ ಸೂತ್ರದಂತೆ ಅದಕ್ಕೆ ಸಮನಾದ ತೂಕ ಜೋಡಿಯಲ್ಲಿ ಕಡಿಮೆಯಾಗುತ್ತದೆ. ನ್ಯೂಟ್ರಾನು ಇಂಥ ಜೋಡಿಯಾಗಿದ್ದರೆ, ಪ್ರೋಟಾನು ಎಲೆಕ್ಟ್ರಾನುಗಳಿಂದಲೇ ಆದ ಹೈಡ್ರೊಜನ್ ಪರಮಾಣುವಿಗಿಂತ ಹಗುರವಾಗಿರಬೇಕು. ಚಾಡ್‌ವಿಕ್ಕರ ಮೊದಲ ಲೆಕ್ಕವೂ ಹಾಗೆಯೇ ಬಂದಿತ್ತು.

ವಿದ್ಯುದಂಶವಿಲ್ಲದ ಕಣವನ್ನು ಕರಾರುವಾಕ್ಕಾಗಿ ತೂಗುವುದು ಹೇಗೆ? ಉಪಾಯ ಸೂಚಿಸಿದವರು ಹಿಟ್ಲರನ ಜರ್ಮನಿಯನ್ನು ಬಿಟ್ಟು ಬಂದಿದ್ದ ತರುಣ ವಿದ್ಯಾರ್ಥಿ ಮೌರಿಸ್ ಗೋಲ್ಡ್‌ಹೇಬರ್. ಭಾರ ಹೈಡ್ರೊಜನ್ ಪರಮಾಣುವಿನ ಬೀಜದಲ್ಲಿ ಇರುವುದು ಒಂದು ಪ್ರೋಟಾನು, ಒಂದು ನ್ಯೂಟ್ರಾನು ಮಾತ್ರ. ಈ ಬೀಜವನ್ನು ಇಂದು ಡ್ಯೂಟೆರಾನ್ ಎನ್ನುತ್ತೇವೆ. ರುದರ್‌ಫರ್ಡರು ಸೂಚಿಸಿದ್ದ ಹೆಸರು ‘ಡಿಪ್ಲಾನ್’. ಗ್ರೀಕ್ ಮೂಲದ ಆ ಪದದಲ್ಲಿರುವುದು ನಮ್ಮ ‘ಇಮ್ಮಡಿ’ಯ ಅರ್ಥವೇ. ಗಾಮಾ ಕಿರಣದ ಒಂದು ಫೋಟಾನ್, ಅಂದರೆ ಪ್ರಬಲವಾದ ಬೆಳಕಿನ ಕಣ, ತಾಗಿದರೆ ಈ ಜೋಡಿ ಬಿಚ್ಚಿಕೊಳ್ಳಬೇಕೆಂಬುದು ಅವರ ಊಹೆ.

ಇಬ್ಬರೂ ಕೂಡಿ ಒಂದು ಕೋಶದಲ್ಲಿ ಭಾರ ಹೈಡ್ರೊಜನ್ ತುಂಬಿ, ಥೋರಿಯಂ ವಂಶದ ವಿಕಿರಣಶೀಲ ವಸ್ತುವಿನ ಕಿರಣಗಳನ್ನು ಹಾಯಿಸಿದರು. ಆ ಫೋಟಾನಿನ ಶಕ್ತಿ ಸುಮಾರು 26 ಲಕ್ಷ ಎಲೆಕ್ಟ್ರಾನ್ ವೋಲ್ಟ್. ಬೀಜ ಒಡೆಯಿತು. ನ್ಯೂಟ್ರಾನು ಸುಳಿವು ಕೊಡದೆ ಹೊರಟುಹೋದರೂ, ಪ್ರೋಟಾನು ಅನಿಲದಲ್ಲಿ ಸಾಗುತ್ತ ವಿದ್ಯುತ್ತಿನ ಒಂದು ಮಿಡಿತವನ್ನು ಉಂಟುಮಾಡಿತು. ಮಿಡಿತದ ಗಾತ್ರದಿಂದ ಪ್ರೋಟಾನಿನ ಶಕ್ತಿ ತಿಳಿಯಿತು. ಎರಡೂ ಚೂರುಗಳ ತೂಕ ಹೆಚ್ಚುಕಡಿಮೆ ಒಂದೇ ಆದುದರಿಂದ ನ್ಯೂಟ್ರಾನಿನ ಪಾಲೂ ಅಷ್ಟೇ. ಒಳಹೊಕ್ಕ ಶಕ್ತಿಯಲ್ಲಿ ಈ ಎರಡು ಪಾಲನ್ನು ಕಳೆದರೆ ಉಳಿಯುವುದು ಬೆಸುಗೆಯ ಬೆಲೆ. ಇಂದಿನ ಅಳತೆಯಂತೆ ಅದು ಸುಮಾರು 22 ಲಕ್ಷ ಎಲೆಕ್ಟ್ರಾನ್ ವೋಲ್ಟ್. ಅದಕ್ಕಿಂತ ಕಡಿಮೆ ಶಕ್ತಿಯ ಫೋಟಾನುಗಳು ಎಷ್ಟೇ ಬಂದು ತಾಗಿದರೂ ಬೀಜ ಬಿರಿಯುವುದಿಲ್ಲ.

ಇಮ್ಮಡಿ ಬೀಜದ ತೂಕಕ್ಕೆ ಬೆಸುಗೆಯ ಬೆಲೆಯನ್ನು ಕೂಡಿಸಿ, ಪ್ರೋಟಾನಿನ ತೂಕವನ್ನು ಕಳೆದರೆ ನ್ಯೂಟ್ರಾನಿನ ತೂಕ ದೊರೆಯುತ್ತದೆ. ಉತ್ತರ ಮೊದಲಿನ ಲೆಕ್ಕವನ್ನು ತಲೆಕೆಳಗು ಮಾಡಿತು. ನ್ಯೂಟ್ರಾನು ಹೈಡ್ರೊಜನ್ ಪರಮಾಣುವಿಗಿಂತ ಭಾರ! ಆದುದರಿಂದ ಅದು ಬೆಸೆದ ಜೋಡಿಯಲ್ಲ, ಬೇರೆಯೇ ಒಂದು ಕಣ. ಬೀಜದ ಹೊರಗೆ ಒಂಟಿಯಾಗಿ ಉಳಿದರೆ ಅದು ಎಲೆಕ್ಟ್ರಾನನ್ನು ಹೊರಸೂಸಿ ಪ್ರೋಟಾನಾಗಿ ಮಾರ್ಪಡಬಹುದೆಂಬುದೂ ಇದರಿಂದ ಹೊಳೆಯಿತು. ಒಂಟಿ ನ್ಯೂಟ್ರಾನಿನ ಸರಾಸರಿ ಆಯುಸ್ಸು ಸುಮಾರು 15 ನಿಮಿಷ ಮಾತ್ರವೆಂದು ಈಗ ತಿಳಿದಿದೆ.

ಈ ತೂಕದ ವ್ಯತ್ಯಾಸ ಸಾವಿರದಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ಆದರೆ ಅದನ್ನು ಅಲ್ಪವೆಂದು ಬಗೆಯುವಂತಿಲ್ಲ. ತಕ್ಕಡಿ ಅತ್ತ ವಾಲಿದ್ದರೆ, ಹೈಡ್ರೊಜನ್ನಿನ ಪ್ರೋಟಾನು ತನ್ನ ಎಲೆಕ್ಟ್ರಾನನ್ನು ನುಂಗಿ ನ್ಯೂಟ್ರಾನಾಗಬಹುದಿತ್ತು. ಹೈಡ್ರೊಜನ್ ಉಳಿಯದಿದ್ದರೆ ನೀರಿಲ್ಲ. ನೀರಿಲ್ಲದ ಮೇಲೆ ಈ ಮಾತನ್ನು ಆಡುವವರೂ ಇಲ್ಲ, ಕೇಳುವವರೂ ಇಲ್ಲ.