ಬೆಳ್ಳಂದೂರು ನೊರೆಯ ಜಾತಕ

2015ರ ಬೇಸಿಗೆಯಲ್ಲಿ ಬೆಂಗಳೂರಿನ ವರ್ತೂರು ಕೋಡಿಯ ಬಳಿ ಬೈಕ್ ಸವಾರರು ಮುಖಕ್ಕೆ ಬಡಿಯುವ ಬಿಳಿ ನೊರೆಯನ್ನು ಒರೆಸಿಕೊಳ್ಳುತ್ತ ಸೇತುವೆ ದಾಟಿದರು. ನೊರೆ ರಸ್ತೆಗೆ ಹಾರದಂತೆ ಪಾಲಿಕೆ ಬಲೆ ಕಟ್ಟಿಸಿತು. ಅದೇ ಮೇ ತಿಂಗಳಲ್ಲಿ ಮೇಲಿನ ಬೆಳ್ಳಂದೂರು ಕೆರೆಯ ನೊರೆಗೆ ಬೆಂಕಿಯೇ ಹತ್ತಿತು. 2018ರ ಜನವರಿ 19ರಂದು ಕೆರೆ ಮತ್ತೆ ಹೊತ್ತಿಕೊಂಡಾಗ ಆರಿಸಲು ಸೈನಿಕರು ಇಳಿಯಬೇಕಾಯಿತು. ಎಲ್ಲರ ಬೆರಳೂ ಕಾರ್ಖಾನೆಗಳತ್ತ ತಿರುಗಿತು. ಆದರೆ ಈ ನೊರೆಯ ಜಾತಕ ಬಿಡಿಸಿ ನೋಡಿದರೆ ಅದರ ಮೊದಲ ಮನೆ ನಮ್ಮ ಬಚ್ಚಲುಮನೆ.

ಬೆಂಗಳೂರು ದಿಬ್ಬದ ಮೇಲಿನ ಊರು, ಹತ್ತಿರದಲ್ಲಿ ದೊಡ್ಡ ಹೊಳೆಯಿಲ್ಲ. ಹಾಗಾಗಿಯೇ ಹಿಂದಿನವರು ಮಳೆನೀರನ್ನು ಕೆರೆಯಿಂದ ಕೆರೆಗೆ ಇಳಿಸುವ ಏರ್ಪಾಡು ಮಾಡಿದರು. ಒಂದು ತುಂಬಿ ಕೋಡಿ ಬಿದ್ದರೆ ಕೆಳಗಿನದಕ್ಕೆ ನೀರು. ಕೋರಮಂಗಲ–ಚಲ್ಲಘಟ್ಟ ಕಣಿವೆಯ ನೀರೆಲ್ಲ ಸುಮಾರು 900 ಎಕರೆಯ ಬೆಳ್ಳಂದೂರು ಕೆರೆ ಸೇರಿ, ವರ್ತೂರು ಕೆರೆ ದಾಟಿ, ದಕ್ಷಿಣ ಪಿನಾಕಿನಿಗೆ ಹೋಗುತ್ತದೆ.

ಊರು ಬೆಳೆದಂತೆ ಕುಡಿಯುವ ನೀರು ದೂರದಿಂದ ಬರತೊಡಗಿತು. ಮೊದಲು ಹೆಸರಘಟ್ಟ, 1933ರಲ್ಲಿ ತಿಪ್ಪಗೊಂಡನಹಳ್ಳಿ, 1974ರಲ್ಲಿ ಸುಮಾರು 100 ಕಿ.ಮೀ. ಆಚೆಯಿಂದ ಕಾವೇರಿ. ನಲ್ಲಿ ತಿರುಗಿಸಿದರೆ ನೀರು ಬರುವಾಗ ಕೆರೆಯ ಗೊಡವೆ ಯಾರಿಗೆ ಬೇಕು? ಆದರೆ ಬಳಸಿ ಚೆಲ್ಲಿದ ನೀರಿಗೆ ಹೋಗಲು ಇದ್ದದ್ದು ಅದೇ ಹಳೆಯ ಇಳಿಜಾರು. ಒಳಚರಂಡಿ ತಲುಪದ ಬಡಾವಣೆಗಳ ಕೊಳಚೆ ರಾಜಕಾಲುವೆಗೆ ಬಿತ್ತು. ಮಳೆಗಾಲದಲ್ಲಷ್ಟೇ ಹರಿಯುತ್ತಿದ್ದ ಕಾಲುವೆ ವರ್ಷವಿಡೀ ಹರಿಯತೊಡಗಿತು. ಬಹಳ ಖರ್ಚಿನಲ್ಲಿ ಎತ್ತಿ ತಂದ ಕಾವೇರಿ ನೀರು ಕೊಳಚೆಯಾಗಿ ಪಿನಾಕಿನಿಯ ಪಾಲಾಯಿತು. ಕಾವೇರಿ ನಗರಕ್ಕೆ ಬಂದ 1974ರಲ್ಲೇ ಸಂಸತ್ತು ಜಲಮಾಲಿನ್ಯ ತಡೆ ಕಾಯ್ದೆಯನ್ನು ಅಂಗೀಕರಿಸಿತು, ರಾಜ್ಯದಲ್ಲಿ ಮಾಲಿನ್ಯ ನಿಯಂತ್ರಣ ಮಂಡಳಿಯೂ ಹುಟ್ಟಿತು. ಒಂದೇ ವರ್ಷ ಹುಟ್ಟಿದ ಕಾನೂನು ಮತ್ತು ಕೊಳಾಯಿಗಳಲ್ಲಿ ಕೊಳಾಯಿ ಬಹಳ ಬೇಗ ಬೆಳೆಯಿತು.

ಇನ್ನು ನೊರೆಯ ಕಥೆ. ಸೀಗೆಕಾಯಿ, ಅಂಟುವಾಳ, ಬಾರ್ ಸೋಪಿನ ಕಾಲ ಮುಗಿಯುತ್ತ ಬಂದು, 1959ರಲ್ಲಿ ಸರ್ಫ್, 1969ರಲ್ಲಿ ನಿರ್ಮಾ ಮಾರುಕಟ್ಟೆಗೆ ಬಂದವು. ಕೊಳವೆಬಾವಿಯ ಗಡಸು ನೀರಿನಲ್ಲಿ ಸೋಪು ನೊರೆ ಬಿಡುವುದಿಲ್ಲ, ಡಿಟರ್ಜೆಂಟ್ ಪುಡಿ ಬಿಡುತ್ತದೆ. ಬಕೆಟ್ಟಿನಲ್ಲಿ ನೊರೆ ಎದ್ದರೆ ಬಟ್ಟೆ ಶುಭ್ರವಾಯಿತೆಂಬ ನಂಬಿಕೆಯೂ ಜೊತೆಗೆ ಬೆಳೆಯಿತು.

ನೀರಿನ ಮೇಲೆ ನೊರೆಯೇಳುವ ಇದೇ ಪೇಚಾಟ ಯುರೋಪ್, ಅಮೆರಿಕಗಳಿಗೆ 1950ರ ದಶಕದಲ್ಲೇ ಬಂದಿತ್ತು. ಅಂದಿನ ಡಿಟರ್ಜೆಂಟ್‌ಗಳ ಅಣುಗಳು ಕವಲೊಡೆದಂಥವು, ಬ್ಯಾಕ್ಟೀರಿಯಾ ಅವುಗಳನ್ನು ಅರಗಿಸಿಕೊಳ್ಳಲಾರದೆ ನದಿಗಳೇ ನೊರೆಗರೆದವು. 1961ರಲ್ಲಿ ಪಶ್ಚಿಮ ಜರ್ಮನಿ ಕಾನೂನು ತಂದಿತು; 1965ರ ಹೊತ್ತಿಗೆ ಅಮೆರಿಕದ ತಯಾರಕರೂ ಕವಲಿಲ್ಲದ, ನೇರ ಸರಪಳಿಯ ಅಣುವಿಗೆ ಬದಲಾದರು. ಬ್ಯಾಕ್ಟೀರಿಯಾ ಇದನ್ನು ಮುರಿಯಬಲ್ಲವು, ಅಲ್ಲಿನ ನೊರೆ ಇಳಿಯಿತು. ನಮ್ಮ ಪುಡಿಗಳಲ್ಲಿ ಬಹುಪಾಲು ಇರುವುದೂ ಇದೇ ಅಣು. ಹಾಗಿದ್ದರೆ ಇಲ್ಲೇಕೆ ನೊರೆ?

ಅಣು ಮುರಿಯಬೇಕಾದರೆ ಆಮ್ಲಜನಕ ಬೇಕು. ಬೆಳ್ಳಂದೂರಿನ ನೀರಿನಲ್ಲಿ ಇಲ್ಲದಿದ್ದದ್ದು ಅದೊಂದೇ. ಕೊಳಚೆಯನ್ನು ಕೊಳೆಯಿಸುತ್ತ ಬ್ಯಾಕ್ಟೀರಿಯಾ ಇದ್ದಬದ್ದ ಆಮ್ಲಜನಕವನ್ನೆಲ್ಲ ಹೀರಿದವು. ಕೊಳಚೆಯ ಸಾರಜನಕ, ರಂಜಕ ಉಂಡು ಹಯಸಿಂತ್ ಕಳೆ ಕೆರೆಯನ್ನೇ ಹೊದಿಸಿ, ನೀರಿಗೆ ಬಿಸಿಲು ಗಾಳಿ ತಾಕದಂತೆ ಮಾಡಿತು. ಹೀಗಾಗಿ ಡಿಟರ್ಜೆಂಟ್ ಅಂಶ ಮುರಿಯದೆ ರಾಡಿಗೆ ಅಂಟಿಕೊಂಡು ತಳ ಸೇರಿತು. ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಗುರುತಿಸಿದ್ದೂ ಇದನ್ನೇ: ಜೋರು ಮಳೆ ಬಂದರೆ ತಳದ ರಾಡಿ ಕದಡಿ ಮೇಲೇಳುತ್ತದೆ, ಕೋಡಿಯಲ್ಲಿ ಧುಮುಕುವಾಗ ಗಾಳಿ ಸೇರಿ ನೊರೆಯಾಗುತ್ತದೆ. ಅಂದರೆ ರಸ್ತೆಗೆ ಹಾರಿದ್ದು ಆ ದಿನದ ಬಟ್ಟೆಯ ಕೊಳೆಯಷ್ಟೇ ಅಲ್ಲ, ಕೆರೆಯ ತಳದಲ್ಲಿ ಕೂಡಿಬಿದ್ದಿದ್ದ ಹಳೆಯ ಬಾಕಿ.

ಪಠ್ಯಪುಸ್ತಕದಲ್ಲಿ ಜಲಮಾಲಿನ್ಯ, ವಾಯುಮಾಲಿನ್ಯ, ಭೂಮಾಲಿನ್ಯ ಬೇರೆಬೇರೆ ಅಧ್ಯಾಯ. ಕಾನೂನಿನಲ್ಲೂ ನೀರಿಗೆ 1974ರ ಕಾಯ್ದೆ, ಗಾಳಿಗೆ 1981ರದ್ದು. ಕೆರೆಗೆ ಈ ವಿಂಗಡಣೆ ಗೊತ್ತಿಲ್ಲ. ನೀರಿನ ಕೊಳೆ ನೊರೆಯಾಗಿ ಗಾಳಿಗೇರಿತು, ಒಣಗಿದ ಕಳೆ ಮತ್ತು ಕಸ ಉರಿದು ಹೊಗೆಯಾಯಿತು, ರಾಡಿ ತಳದ ಮಣ್ಣಾಯಿತು. ಮೀನು ಹಿಡಿಯುವವರು ಕಸುಬು ಕಳೆದುಕೊಂಡರು. ನೊರೆ ರಾಜ್ಯದ ಗಡಿಯನ್ನೂ ದಾಟಿ ಹೊಸೂರಿನ ಬಳಿಯ ಕೆಲವರಪಳ್ಳಿ ಜಲಾಶಯದಲ್ಲಿ ಕಾಣಿಸಿಕೊಂಡಿತು.

ಪರಿಹಾರಕ್ಕೂ ಇಷ್ಟೇ ಸುತ್ತು. 2017ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ತಾನಾಗಿಯೇ ಪ್ರಕರಣ ಕೈಗೆತ್ತಿಕೊಂಡಿತು. ಮರುವರ್ಷ ನ್ಯಾಯಮೂರ್ತಿ ಎನ್. ಸಂತೋಷ್ ಹೆಗ್ಡೆ ಅವರ ಸಮಿತಿ ನೇಮಿಸಿತು. ಕೊಳಚೆಯನ್ನು ಕೆರೆಯ ಪಕ್ಕದಿಂದ ತಿರುಗಿಸಿ ಹೂಳೆತ್ತುವ ಕೆಲಸ ಶುರುವಾಯಿತು. 2018ರಿಂದ ಈ ಕಣಿವೆಯ ಸಂಸ್ಕರಿಸಿದ ನೀರು ಕೋಲಾರದ ಕೆರೆಗಳಿಗೂ ಹರಿಯುತ್ತಿದೆ. ಆದರೆ ಆ ವರ್ಷವೇ ಅಲ್ಲಿನ ಲಕ್ಷ್ಮೀಸಾಗರ ಕೆರೆಯಲ್ಲಿ ನೊರೆ ಕಂಡು, ವಿಷಯ ಹೈಕೋರ್ಟ್ ಮೆಟ್ಟಿಲೇರಿತು. ಶುದ್ಧೀಕರಣದಲ್ಲಿ ಒಂದು ದಿನ ಎಡವಿದರೂ ಅದರ ಫಲ ಇನ್ನೊಂದು ಜಿಲ್ಲೆ ಉಣ್ಣಬೇಕು. ನೊರೆಯ ಮೇಲೆ ನೀರು ಚಿಮುಕಿಸುವುದು, ಬಲೆ ಕಟ್ಟುವುದು ಕೆರೆಯ ಕೊನೆಯಲ್ಲಿ ನಿಂತು ಮಾಡುವ ಕೆಲಸ. ಮಾಡಬೇಕಾದದ್ದು ಮೇಲ್ಗಡೆ ಇದೆ: ಪ್ರತಿ ಮನೆಯ ಕೊಳಚೆ ಒಳಚರಂಡಿಗೇ ಸೇರಬೇಕು, ಅಪಾರ್ಟ್‌ಮೆಂಟಿನ ಶುದ್ಧೀಕರಣ ಘಟಕ ಕರೆಂಟ್ ಬಿಲ್ಲಿಗೆ ಹೆದರಿ ನಿಲ್ಲಬಾರದು, ಪುಡಿಯನ್ನು ಬೇಕಾದಷ್ಟೇ ಹಾಕಬೇಕು.

2024ರ ಅಕ್ಟೋಬರಿನಲ್ಲಿ ಕಾವೇರಿ ಐದನೇ ಹಂತ ಉದ್ಘಾಟನೆಯಾಯಿತು. ನಗರಕ್ಕೆ ದಿನಕ್ಕೆ 77.5 ಕೋಟಿ ಲೀಟರ್ ಹೆಚ್ಚುವರಿ ನೀರು ತರುವ ಯೋಜನೆ ಇದು. ಬಂದ ನೀರಿನಲ್ಲಿ ಸುಮಾರು ಶೇ 80ರಷ್ಟು ಕೊಳಚೆಯಾಗಿ ಹೊರಬೀಳುತ್ತದೆ ಎಂಬುದು ಎಂಜಿನಿಯರುಗಳ ವಾಡಿಕೆಯ ಲೆಕ್ಕ. ಪೂರ್ತಿ ಬಳಕೆಗೆ ಬಂದಾಗ ದಿನಕ್ಕೆ 62 ಕೋಟಿ ಲೀಟರ್ ಆದೀತು. 1974ರಲ್ಲಿ ಈ ಲೆಕ್ಕವನ್ನು ಮುಂದಕ್ಕೆ ತಳ್ಳಿದ್ದರ ಬಡ್ಡಿಯನ್ನು ಬೆಳ್ಳಂದೂರು ಕಟ್ಟಿತು. ಈ ಸಲ ಹೊಸ ನಲ್ಲಿಯ ಅರ್ಜಿಯ ಜೊತೆಗೇ ಆ ಮನೆಯ ಬಚ್ಚಲ ನೀರು ಎಲ್ಲಿಗೆ ಹೋಗುತ್ತದೆಂಬ ಉತ್ತರವನ್ನೂ ಕೇಳಿ ಪಡೆದರೆ ಇನ್ನೊಂದು ಕೆರೆ ಉಳಿದೀತು.