ಬೇರಿನ ಶಿಲೀಂಧ್ರವೂ ಅಕ್ಕಡಿ ಬೆಳೆಯೂ

ನಂಜನಗೂಡು ಮತ್ತು ತಿರುಮಕೂಡಲು ನರಸೀಪುರದ ಕಡೆಯ ಬೆದ್ದಲು ಭೂಮಿಗಳಲ್ಲಿ ರಾಗಿಯ ನಡುವೆ ಅವರೆ, ತೊಗರಿ, ಹುಚ್ಚೆಳ್ಳು, ಸಾಸಿವೆಗಳನ್ನು ಅಕ್ಕಡಿ ಸಾಲಾಗಿ ಬಿತ್ತುವುದು ಹಿರಿಯರಿಂದ ಬಂದ ಪದ್ಧತಿಯಾಗಿದೆ. ಅಕ್ಕಡಿಯು ರಾಗಿಯ ಸಾರವನ್ನು ಕಸಿದುಕೊಳ್ಳುವುದೆಂದು ಕೆಲವರೂ, ಮಳೆ ತಪ್ಪಿದ ವರ್ಷದಲ್ಲಿ ಅದೇ ಹೊಲವನ್ನು ಕಾಯುವುದೆಂದು ಮತ್ತೆ ಕೆಲವರೂ ವಾದಿಸುವುದುಂಟು. ಎರಡು ಮಾತುಗಳಲ್ಲಿಯೂ ಸತ್ಯಾಂಶವಿದೆ. ಅದು ಹೇಗೆಂಬುದನ್ನು ತಿಳಿಯಬೇಕಾದರೆ ಬೇರುಗಳನ್ನು ಆಶ್ರಯಿಸಿರುವ ಒಂದು ಶಿಲೀಂಧ್ರದ ಕೆಲಸವನ್ನು ಅರಿಯತಕ್ಕದ್ದು.

ಶಿಲೀಂಧ್ರವೆಂದೊಡನೆ ರೋಗವೆಂದು ಭಾವಿಸಬಾರದು. ಬೇರಿಗೂ ಇಂತಹ ಶಿಲೀಂಧ್ರಕ್ಕೂ ಇರುವ ಕೂಟಕ್ಕೆ ಜರ್ಮನಿಯ ಸಸ್ಯಶಾಸ್ತ್ರಜ್ಞರಾದ ಫ್ರಾಂಕ್ ಎಂಬವರು ೧೮೮೫ರಲ್ಲಿ ಮೈಕೊರೈಜಾ ಎಂದು ಹೆಸರಿಟ್ಟರು. ಸಸ್ಯಗಳಿಗೆ ಅವಶ್ಯವಾದ ರಂಜಕವು ಮಣ್ಣಿನ ಕಣಗಳಿಗೆ ಅಂಟಿಕೊಂಡಿದ್ದು, ನೀರಿನೊಡನೆ ಸುಲಭವಾಗಿ ಚಲಿಸದು. ಆದುದರಿಂದ ಬೇರು ತನ್ನ ಸುತ್ತಲಿನ ಒಂದೆರಡು ಮಿಲಿಮೀಟರು ಮಣ್ಣಿನ ರಂಜಕವನ್ನು ಬೇಗನೆ ತೀರಿಸಿಬಿಡುವುದು. ಶಿಲೀಂಧ್ರದ ನವುರಾದ ನೂಲುಗಳಾದರೋ ಹಲವು ಸೆಂಟಿಮೀಟರು ದೂರ ಹಬ್ಬಿ, ಅಲ್ಲಿಯ ರಂಜಕವನ್ನು ಬೇರಿಗೆ ತಂದೊಪ್ಪಿಸುವುವು. ಇದಕ್ಕೆ ಪ್ರತಿಯಾಗಿ ಗಿಡವು ತಾನು ತಯಾರಿಸಿದ ಸಕ್ಕರೆಯಲ್ಲಿ ಒಂದು ಪಾಲನ್ನು ಶಿಲೀಂಧ್ರಕ್ಕೆ ಕೊಡುವುದು.

ಒಂದೇ ಶಿಲೀಂಧ್ರವು ನೆರೆಯ ಅನೇಕ ಗಿಡಗಳ ಬೇರುಗಳನ್ನು ಜೋಡಿಸಬಲ್ಲುದು. ಆದರೆ ಎಲ್ಲಕ್ಕೂ ಸಮಪಾಲು ದೊರೆಯುವುದೆಂದು ತಿಳಿಯಬಾರದು. ಸ್ವಿಟ್ಜರ್ಲೆಂಡಿನ ಬಾಸೆಲ್ ವಿಶ್ವವಿದ್ಯಾನಿಲಯದವರು ೨೦೧೨ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಜೋಳ ಮತ್ತು ಅಗಸೆಗಳನ್ನು ಒಟ್ಟಿಗೆ ಬೆಳೆದಾಗ ಶಿಲೀಂಧ್ರಕ್ಕೆ ಆಹಾರವನ್ನು ಹೆಚ್ಚಾಗಿ ಒದಗಿಸಿದ್ದು ಜೋಳ. ಶಿಲೀಂಧ್ರವು ತಂದ ಸಾರದ ಬಹುಭಾಗವನ್ನು ಪಡೆದದ್ದು ಅಗಸೆ. ಅಲ್ಲಿಯವರೇ ರಾಗಿ ಮತ್ತು ತೊಗರಿಗಳನ್ನು ಕುರಿತು ನಡೆಸಿ ೨೦೧೯ ಮತ್ತು ೨೦೨೦ರಲ್ಲಿ ಪ್ರಕಟಿಸಿದ ಪ್ರಯೋಗಗಳು ನಮಗೆ ಇನ್ನೂ ಹತ್ತಿರವಾದವು. ನೀರು ಸಾಕಷ್ಟಿದ್ದಾಗ ತೊಗರಿಯು ರಾಗಿಗೆ ಬಲವಾದ ಪ್ರತಿಸ್ಪರ್ಧಿಯಾಯಿತು. ಮಣ್ಣು ಒಣಗಿದಾಗಲಾದರೋ, ತೊಗರಿಯ ಆಳವಾದ ಬೇರು ಎತ್ತಿದ ನೀರು ಮೇಲ್ಮಣ್ಣಿನ ರಾಗಿಯ ಬೇರಿಗೆ ತಲಪಲು ಶಿಲೀಂಧ್ರದ ನೂಲುಗಳು ನೆರವಾದವು.

ಇದರಿಂದ ಹಿಡುವಳಿದಾರರು ಗ್ರಹಿಸತಕ್ಕ ಅಂಶಗಳಿವು:

೧. ಮಳೆಯನ್ನೇ ನಂಬಿದ ಹೊಲದಲ್ಲಿ ತೊಗರಿಯ ಅಕ್ಕಡಿಯನ್ನು ಬಿಡಬಾರದು. ನೀರಿನ ಸೌಕರ್ಯವುಳ್ಳ ಹೊಲದಲ್ಲಿ ಸಾಲುಗಳನ್ನು ವಿರಳಗೊಳಿಸುವುದು ಲೇಸು.

೨. ಸಾಸಿವೆ ಮತ್ತು ದಂಟಿನ ಜಾತಿಯ ಗಿಡಗಳು ಸಾಮಾನ್ಯವಾಗಿ ಈ ಶಿಲೀಂಧ್ರಕ್ಕೆ ಆಶ್ರಯ ಕೊಡುವುದಿಲ್ಲ. ಆದುದರಿಂದ ಸಾಸಿವೆಯೊಂದನ್ನೇ ಅಕ್ಕಡಿ ಮಾಡದೆ ಅವರೆ, ತೊಗರಿಗಳನ್ನೂ ಸೇರಿಸತಕ್ಕದ್ದು.

೩. ರಂಜಕದ ಗೊಬ್ಬರವು ಮಿತಿಮೀರಿದರೆ ಗಿಡವು ಶಿಲೀಂಧ್ರವನ್ನು ಬೇರಿಗೆ ಸೇರಿಸಿಕೊಳ್ಳುವುದು ಕಡಮೆಯಾಗುವುದು. ಮಣ್ಣಿನ ಪರೀಕ್ಷೆ ಮಾಡಿಸದೆ ಸೂಪರ್ ಫಾಸ್ಫೇಟನ್ನು ಸುರಿದರೆ ಹಣವೂ ನಷ್ಟ, ನೆಲದ ಸಹಾಯಕನೂ ನಷ್ಟ.

೪. ನಾಲೆಯ ಬಯಲಿನ ಗದ್ದೆಗಳಲ್ಲಿ ನೀರು ನಿಂತಿರುವಾಗ ಈ ಶಿಲೀಂಧ್ರವು ಕ್ಷೀಣಿಸುವುದು. ಭತ್ತದ ಕಟಾವಿನ ನಂತರ ಭೂಮಿಯನ್ನು ಬರಿದಾಗಿ ಬಿಡದೆ ಉದ್ದು ಅಥವಾ ಅಲಸಂದೆಯನ್ನು ಬಿತ್ತಿದರೆ ಅದು ಪುನಃ ವೃದ್ಧಿಯಾಗುವುದು. ಏಕೆಂದರೆ ಜೀವಂತವಾದ ಬೇರಿಲ್ಲದೆ ಅದು ಬೆಳೆಯಲಾರದು.

ಗ್ರಾಮಮುಖಂಡರು ಮೊದಲು ತಮ್ಮ ಹೊಲದ ಒಂದು ಮೂಲೆಯಲ್ಲಿ ಅಕ್ಕಡಿಯುಳ್ಳ ಪಟ್ಟೆಯನ್ನೂ ಇಲ್ಲದ ಪಟ್ಟೆಯನ್ನೂ ಅಕ್ಕಪಕ್ಕದಲ್ಲಿ ಬೆಳೆದು, ಎರಡರ ಫಸಲನ್ನೂ ಬೇರೆಬೇರೆಯಾಗಿ ಅಳೆದು ನೋಡತಕ್ಕದ್ದು. ಒಳ್ಳೆಯ ಮಳೆಯ ಒಂದು ವರ್ಷ, ಕೊರತೆಯ ಒಂದು ವರ್ಷ ಹೀಗೆ ಅಳೆದರೆ, ಊರಿನವರ ಹಳೆಯ ವಾದಕ್ಕೆ ಅವರ ಹೊಲವೇ ಉತ್ತರ ಹೇಳುವುದು.